ಅಕ್ಕನ ಕಾಲು ಮತ್ತು ಯೊವಾನ್ನರ ಹದಿಮೂರನೆಯ ಅಧ್ಯಾಯ

ಬೈಬಲ್ಲಿನ ಶುಭಸಂದೇಶದ ಭಾಗವೊಂದನ್ನು ಓದಿದ ಕೂಡಲೇ ಅದು ಯಾರಿಗೆ ಅನ್ವಯಿಸುತ್ತದೆ ಎಂಬುದು ನಮ್ಮವರಿಗೆ ಹೊಳೆದುಬಿಡುತ್ತದೆ. ಆ ಯಾರೋ ಎಂದೂ ತಾವಾಗಿರುವುದಿಲ್ಲ. ಅರಸೀಕೆರೆಯ ನಮ್ಮ ಕಡೆಯ ಕ್ರೈಸ್ತ ಕುಟುಂಬಗಳು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ಒಂದೊಂದು ಮನೆಯಲ್ಲಿ ಸೇರಿ ಬೈಬಲ್ ಓದುತ್ತೇವೆ; ಓದಿದ ಮೇಲೆ ‘ಈ ವಾಕ್ಯ ನನಗೆ ಏನು ಹೇಳುತ್ತದೆ’ ಎಂದು ಪ್ರತಿಯೊಬ್ಬರೂ ಹೇಳಬೇಕು. ಸರದಿ ಮುಗಿಯುವ ಹೊತ್ತಿಗೆ ಅದು ಸೊಸೆಗೆ, ಎದುರು ಮನೆಯವರಿಗೆ, ಗಾಯನ ತಂಡದವರಿಗೆ ಏನು ಹೇಳುತ್ತದೆ ಎಂಬುದೆಲ್ಲ ಸ್ಪಷ್ಟವಾಗಿರುತ್ತದೆ. ಬಾಯಿ ತೆರೆದವರಿಗೆ ಏನು ಹೇಳಿತು ಎಂಬುದು ಮಾತ್ರ ತಿಳಿಯುವುದಿಲ್ಲ. ನಾನು ಮೂವತ್ತೊಂದು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಪಾಠದಲ್ಲಿ ಇಲ್ಲದ್ದನ್ನು ಬರೆದವರಿಗೆ ಅಂಕ ಕೊಟ್ಟವಳಲ್ಲ.

ಈ ಅನ್ವಯದ ಚಟ ನನ್ನ ಮೇಲೂ ಪ್ರಯೋಗವಾಗಿದೆ. ನಾಲ್ಕು ವರ್ಷಗಳ ಹಿಂದೆ ಬೇಲೂರಿನಲ್ಲಿ ನನ್ನ ಅಕ್ಕನ ಮಗನ ಮದುವೆಯಾಯಿತು. ವರನಿಗೆ ನಾನೊಬ್ಬಳೇ ಚಿಕ್ಕಮ್ಮ. ಚರ್ಚಿನಲ್ಲಿ ಮದುವೆಯ ಬಲಿಪೂಜೆಗೆ ಅರ್ಧ ಗಂಟೆ ಮೊದಲೇ ಹೋಗಿ ಮೊದಲ ಬೆಂಚಿನಲ್ಲಿ ಕುಳಿತಿದ್ದೆ. ಹೆಣ್ಣಿನ ಕಡೆಯ ಅಧಿಕಾರಿಯೊಬ್ಬರು ಸಂಸಾರ ಸಮೇತ ಬಂದರು. ಅಕ್ಕ ನೆಟ್ಟಗೆ ನನ್ನ ಬಳಿಗೇ ಬಂದು ಬಗ್ಗಿ ಹೇಳಿದಳು: “ನೀನು ಸ್ವಲ್ಪ ಹಿಂದಕ್ಕೆ ಹೋಗೇ. ನೀನಾದ್ರೆ ಮನೆಯವಳು.”

ಎದ್ದೆ. ಆರನೆಯ ಬೆಂಚಿನವರೆಗೂ ಜನ ತುಂಬಿದ್ದರು. ಏಳನೆಯದರಲ್ಲಿ, ಕಂಬದ ಹಿಂದೆ ಜಾಗ ಸಿಕ್ಕಿತು. ಅಲ್ಲಿಂದ ತಾಳಿ ಕಟ್ಟಿದ್ದು ಕಾಣಲಿಲ್ಲ. ಊಟದ ಹೊತ್ತಿಗೆ ಸುದ್ದಿ ಹರಡಿ, ಮೂರು ಜನ ಬಂದು ಸಮಾಧಾನ ಹೇಳಿದರು: ಔತಣಕ್ಕೆ ಹೋದಾಗ ಕೊನೆಯ ಸ್ಥಾನದಲ್ಲಿ ಕೂರಬೇಕೆಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ ಎಂದು. ಲೂಕರ ಶುಭಸಂದೇಶವನ್ನು ನಾನೂ ಓದಿದ್ದೇನೆ. ಅಲ್ಲಿ ಅತಿಥಿ ತಾನಾಗಿ ಹೋಗಿ ಕೂರಬೇಕು. ಎಬ್ಬಿಸಿಕೊಂಡವನು ನಾಚಿಕೆಯಿಂದ ಹಿಂದಕ್ಕೆ ನಡೆಯಬೇಕಾಗುತ್ತದೆ ಎಂಬ ಮಾತೂ ಅಲ್ಲಿಯೇ ಇದೆ. ಸಮಾಧಾನ ಹೇಳಿದವರು ಆ ಸಾಲನ್ನು ಹಾರಿಸಿ ಓದಿದ್ದರು. ಅಂದಿನಿಂದ ನಾನು ಅಕ್ಕನೊಡನೆ ಮಾತು ಬಿಟ್ಟೆ. ಅವಳೂ ಮಾತಾಡಿಸಲಿಲ್ಲ.

ಈ ವರ್ಷ ನಮ್ಮ ಮನೆಯ ಸರದಿ ಬಂದಾಗ ಓದಿದ್ದು ಯೊವಾನ್ನರ ಶುಭಸಂದೇಶದ ಹದಿಮೂರನೆಯ ಅಧ್ಯಾಯ: ಯೇಸು ಶಿಷ್ಯರ ಪಾದ ತೊಳೆದದ್ದು. ಬೇರೆಯವರ ಬಗ್ಗೆ ಹೇಳಬಾರದೆಂದು ನಿಶ್ಚಯಿಸಿದ್ದರೂ ತಡೆಯಲಾಗಲಿಲ್ಲ. ಅದರ ನೆನಪಿಗೆ ಪವಿತ್ರ ಗುರುವಾರದಂದು ಚರ್ಚಿನ ಸ್ವಾಮಿಗಳಿಂದ ಪಾದ ತೊಳೆಸಿಕೊಳ್ಳಲು ಆರಿಸಿದ ಹನ್ನೆರಡು ಮಂದಿ ಪ್ರತಿವರ್ಷವೂ ಮನೆಯಲ್ಲೇ ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿ, ಸೋಪು ಹಾಕಿ ತೊಳೆದು, ಹೊಸ ಚಪ್ಪಲಿ ಮೆಟ್ಟಿ ಬರುತ್ತಾರೆ. ಒಬ್ಬರಂತೂ ಪೌಡರ್ ಹಾಕಿದ್ದರು. ಕೊಳೆಯಾದ ಕಾಲನ್ನು ತೋರಿಸಲೊಲ್ಲದವರು ಸ್ವಾಮಿಗಳ ಕೈಯಲ್ಲಿ ತೊಳೆಸಿಕೊಳ್ಳುವುದಾದರೂ ಏನನ್ನು ಎಂದು ಕೇಳಿದೆ. ಕಳೆದ ವರ್ಷ ಆ ಹನ್ನೆರಡರಲ್ಲಿ ಒಬ್ಬರಾಗಿದ್ದ ಕೊಬ್ಬರಿ ವ್ಯಾಪಾರಿ, “ಮತ್ತೇನ್ ಮೇಡಮ್ಮೋರೇ, ಸಗಣಿ ಮೆತ್ಕೊಂಡು ಹೋಗಿ ಕೂತ್ಕಬೇಕಾ?” ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮರುದಿನ ಬೆಳಿಗ್ಗೆ ಹಳೇಬೀಡಿನಿಂದ ಅಕ್ಕನ ಸೊಸೆ ಫೋನು ಮಾಡಿದಳು. ಸಕ್ಕರೆ ಕಾಯಿಲೆಯ ಅಕ್ಕನಿಗೆ ಹೆಬ್ಬೆರಳಿನ ಬುಡದಲ್ಲಿ ಗಾಯವಾಗಿತ್ತು. ದಿನ ಬಿಟ್ಟು ದಿನ, ನೀರು ಸೋಕಿಸದೆ, ಔಷಧದಿಂದ ಒರೆಸಿ, ಒಣಗಿಸಿ, ಕಟ್ಟು ಬದಲಿಸಬೇಕು. ಮೂರು ವಾರದಲ್ಲಿ ಸುಧಾರಿಸದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಹಾಸನದ ಡಾಕ್ಟರು ಹೇಳಿದ್ದರು. ಅಕ್ಕ ಯಾರಿಗೂ ಕಾಲು ಮುಟ್ಟಗೊಡುತ್ತಿರಲಿಲ್ಲ. ಬಂದ ನರ್ಸನ್ನು ಬಾಗಿಲಿನಿಂದಲೇ ಕಳಿಸಿದ್ದಳು. ನನ್ನ ಯಜಮಾನರ ಇಂಥದೇ ಗಾಯವನ್ನು ನಾನು ಮೂರು ವರ್ಷ ನೋಡಿಕೊಂಡದ್ದು ಆ ಹುಡುಗಿಗೆ ಗೊತ್ತಿತ್ತು. ನಿಮ್ಮ ಅತ್ತೆಯೇ ಏಕೆ ಕರೆಯಲಿಲ್ಲ ಎಂದು ಕೇಳಿದೆ. ಅವಳು “ಬನ್ನಿ ಚಿಕ್ಕಮ್ಮಾ” ಎಂದಷ್ಟೇ ಹೇಳಿದಳು.

ಅದೇ ಅಧ್ಯಾಯವನ್ನು ಮತ್ತೆ ತೆರೆದೆ. ಭಕ್ತಿಯಿಂದಲ್ಲ, ಹೋಗದಿರಲು ಅಲ್ಲೇನಾದರೂ ದಾರಿ ಇದೆಯೇ ಎಂದು ನೋಡಲು. ಯೇಸುವನ್ನು ಹಿಡಿದುಕೊಡಲಿದ್ದ ಯೂದನು ಎದ್ದು ಹೊರಗೆ ಹೋಗುವುದು ಪಾದ ತೊಳೆದಾದ ಮೇಲೆ. ಅಂದರೆ ಅವನ ಕಾಲನ್ನೂ ತೊಳೆದಾಗಿತ್ತು. ಅವನು ಮೊದಲು ತಪ್ಪೊಪ್ಪಿಕೊಂಡನೆಂದು ಬರೆದಿಲ್ಲ. ಎರಡು ಸಲ ಓದಿದರೂ ಸಿಗಲಿಲ್ಲ. ಇಷ್ಟು ಸ್ಪಷ್ಟವಾಗಿ ಬರೆಯುವ ಅಗತ್ಯವೇನಿತ್ತು ಎಂದು ಬೇಸರವಾಯಿತು. ಹತ್ತಿ, ಬ್ಯಾಂಡೇಜು, ಕತ್ತರಿ ಚೀಲಕ್ಕೆ ಹಾಕಿ, ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಹೋಗುವ ಬಸ್ಸು ಹತ್ತಿದೆ.

ನಾನು ಬರುವುದು ತಿಳಿದು ಅಕ್ಕ ಬಚ್ಚಲಿಗೆ ಹೋಗಿ, ಗಾಯದ ಕಾಲನ್ನು ಸೋಪು ಹಾಕಿ ಉಜ್ಜಿ, ಅದರ ಮೇಲೆ ಮಗನ ಕಾಲುಚೀಲ ಎಳೆದುಕೊಂಡು ಕುಳಿತಿದ್ದಳು. ಚೀಲ ಒದ್ದೆಯಾಗಿತ್ತು. ಯಾವುದನ್ನು ಮಾಡಲೇಬಾರದೆಂದು ಡಾಕ್ಟರು ಹೇಳಿದ್ದರೋ ಅದನ್ನು ನನ್ನ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಮಾಡಿದ್ದಳು.

“ನಾನೇ ತೊಳ್ಕೊಂಡಿದೀನಿ ಕಣೇ. ನೀನು ಕಾಫಿ ಕುಡಿ.”

“ಚೀಲ ತೆಗಿ.”

ಅವಳು ಕಿಟಕಿಯ ಕಡೆ ತಿರುಗಿದಳು. “ವಾಸನೆ ಬತ್ತೈತೆ ಕಣೇ,” ಎಂದಳು.

ನರ್ಸನ್ನು ಕಳಿಸಿದ್ದರ ಕಾರಣ ಆಗ ತಿಳಿಯಿತು. ಎಪ್ಪತ್ತೊಂದರ ಮಂಡಿಯನ್ನು ನೆಲಕ್ಕೆ ಊರಿ ಕುಳಿತು ನಾನೇ ಚೀಲ ಬಿಚ್ಚಿದೆ. ವಾಸನೆ ಇತ್ತು. ಒರೆಸಿದೆ, ಒಣಗಿಸಿದೆ, ಕಟ್ಟಿದೆ. ಕಟ್ಟು ಮುಗಿಯುವ ಹೊತ್ತಿಗೆ ಅವಳು ನನ್ನ ತಲೆಯ ಮೇಲಿನಿಂದ ಕೇಳಿದಳು:

“ಆ ಬೆಂಚಿನ ಮಾತು ಇನ್ನೂ ಇಟ್ಕೊಂಡಿದೀಯಾ?”

“ಇಟ್ಕೊಂಡಿದೀನಿ. ಕಾಲು ಅಲ್ಲಾಡಿಸಬೇಡ.”

ಅವಳು ತಪ್ಪಾಯಿತೆಂದು ಹೇಳಲಿಲ್ಲ. ಮರೆತೆನೆಂದು ನಾನೂ ಸುಳ್ಳು ಹೇಳಲಿಲ್ಲ. ದಿನ ಬಿಟ್ಟು ದಿನ ಹೋದೆ. ಬ್ಯಾಂಡೇಜು ಬಿಗಿಯಾಯಿತು ಎಂದು ಒಂದು ದಿನ, ಸಡಿಲವಾಯಿತು ಎಂದು ಇನ್ನೊಂದು ದಿನ ಗೊಣಗಿದಳು. ತಾನು ಕಾಲು ನೀಡಿದ್ದೇ ನನಗೆ ಮಾಡಿದ ಉಪಕಾರ ಎಂಬಂತಿರುತ್ತಿತ್ತು ಅವಳ ಮುಖ.

ಮೂರು ವಾರ ಕಳೆದ ಮೇಲೆ ಹಾಸನಕ್ಕೆ ಕರೆದೊಯ್ದೆವು. ಡಾಕ್ಟರು ಕಟ್ಟು ಬಿಚ್ಚಿ ನೋಡಿ, ಬೆರಳು ತೆಗೆಯುವ ಅಗತ್ಯವಿಲ್ಲ ಎಂದರು. ಇಷ್ಟು ಶುದ್ಧವಾಗಿ ಯಾರು ನೋಡಿಕೊಂಡರು ಎಂದು ಕೇಳಿದರು. ಹತ್ತಿಯ ಚೀಲ ಹಿಡಿದು ನಾನು ಅಕ್ಕನ ಕುರ್ಚಿಯ ಹಿಂದೆಯೇ ನಿಂತಿದ್ದೆ.

“ನಾನೇ ಸಾರ್,” ಎಂದಳು ಅಕ್ಕ. “ಚೊಕ್ಕವಾಗಿ ಇಟ್ಕೊಂಡಿದ್ದೆ.”

ಸೊಸೆ ನನ್ನ ಮುಖ ನೋಡಿದಳು. ನಾನು ಚೀಲದ ಬಾಯಿ ಕಟ್ಟಿಕೊಂಡೆ. ಆದರೆ ಇದನ್ನೂ ನಾನು ಮರೆಯುವವಳಲ್ಲ. ಇನ್ನೂ ಒಂದು ತಿಂಗಳು ಕಟ್ಟು ಬದಲಿಸಬೇಕೆಂದು ಡಾಕ್ಟರು ಹೇಳಿದಾಗ ಮಾತ್ರ ಅಕ್ಕ ನನ್ನ ಕಡೆ ತಿರುಗಿ, ಬುಧವಾರ ಬಿಸಿಲೇರುವ ಮೊದಲೇ ಬಂದುಬಿಡು ಎಂದಳು.

ಬುಧವಾರ ಏಳು ಗಂಟೆಯ ಬಸ್ಸಿಗೆ ಹೋದೆ.