ಪರದೆಯ ಮೇಲೆ ಪಂಕ್ತಿ ಹಾಕುವ ಅರ್ಪಿತ

ಹೊಸಕೋಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೂವಿನವರು ಇನ್ನೂ ಮೊಗ್ಗಿಗೆ ನೀರು ಚಿಮುಕಿಸುತ್ತಿರುವ ಹೊತ್ತು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಅರ್ಪಿತ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಕಸ ಗುಡಿಸಿ, ಗೋಡೆಯ ಮೇಲಿನ ವೆಂಕಟರಮಣನಿಗೆ ಊದುಕಡ್ಡಿ ಹಚ್ಚುತ್ತಾಳೆ. ಆಮೇಲೆ ಸಾಲಾಗಿ ಕೂತ ಕಂಪ್ಯೂಟರುಗಳನ್ನು ಒಂದೊಂದಾಗಿ ಎಬ್ಬಿಸುತ್ತಾಳೆ.

ಇದು ಕೆಂಪರಾಜ್ ನಡೆಸುವ ಷೇರು ವ್ಯವಹಾರದ ಪುಟ್ಟ ಕಚೇರಿ. ಮನೆಯಲ್ಲಿ ಒಬ್ಬರೇ ಕೂತು ಕೊಳ್ಳಲು, ಮಾರಲು ಅಂಜುವ ಹಿರಿಯರು ಬೆಳಗ್ಗೆ ಇಲ್ಲಿಗೆ ಬರುತ್ತಾರೆ. ಅಷ್ಟರಲ್ಲಿ ಅವರವರ ಪರದೆ ಅವರವರಿಗೆ ಹೊಂದುವಂತೆ ಅಣಿಯಾಗಿರಬೇಕು. ಯಾವ ಕಂಪನಿಯ ಚಾರ್ಟು ಎಲ್ಲಿ, ಅಕ್ಷರ ಎಷ್ಟು ದಪ್ಪ, ಹಾಕಿದ ಆರ್ಡರ್ ತೋರುವ ಕಿಟಕಿ ಮೇಲೋ ಕೆಳಗೋ, ಎಲ್ಲ ಅರ್ಪಿತಳ ಕೈಕೆಲಸ. ಬಲಗಣ್ಣು ಮಂಜಾದ ಬೈಲಪ್ಪನವರಿಗೆ ಎಲ್ಲವೂ ಎಡಗಡೆಗೇ ಬರಬೇಕು.

"ಊರಲ್ಲಿ ಎಲ್ರೂ ನಾನು ಷೇರು ಆಡ್ತೀನಿ ಅಂದ್ಕೊಂಡವ್ರೆ," ಎಂದು ನಗುತ್ತಾಳೆ. "ನಾನು ಆರ್ಡರ್ ಮುಟ್ಟೋಳಲ್ಲ. ಎಲೆ ಹಾಕಿ ಪಕ್ಕಕ್ಕೆ ನಿಲ್ಲೋಳು. ಉಣ್ಣೋರು ಅವ್ರು."

ಅವಳ ಊರು ಸಮೇತನಹಳ್ಳಿ, ಅಪ್ಪನದು ಹೀರೇಕಾಯಿ ತೋಟ. ಬಿ.ಕಾಂ. ಮುಗಿಸಿ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ನಿಂತಳು. ನಿಂತೂ ನಿಂತೂ ಕಾಲು ಬಾತು ಕೆಲಸ ಬಿಟ್ಟಳು. ಇಲ್ಲಿಗೆ ಬಂದದ್ದು ಫೋನ್ ಎತ್ತಲಿಕ್ಕೆ. ಹಿರಿಯರು ಪರದೆಯಲ್ಲಿ ತಡಕಾಡುವುದನ್ನು ನೋಡಲಾರದೆ ಈ ಕೆಲಸಕ್ಕೆ ಕೈಹಾಕಿದಳು. ಯಾರೂ ಹೇಳಿಕೊಟ್ಟದ್ದಲ್ಲ.

ಎಲ್ಲರಿಗಿಂತ ಅವಳಿಗೆ ಕಷ್ಟವಾದವರು ಅಪ್ಪಯ್ಯಣ್ಣ. ಒಂದು ಕಾರ್ಖಾನೆಯಿಂದ ನಿವೃತ್ತರಾದ ಇವರ ಪರದೆ ತುಂಬ ಚಾರ್ಟುಗಳು, ಬೆಂಕಿಪೊಟ್ಟಣದಷ್ಟು ಅಗಲದವು. ಎಂದೋ ಮಾರಿ ಮರೆತ ಕಂಪನಿಗಳೂ ಅಲ್ಲೇ ಕೂತಿದ್ದವು. ತೆಗೆಯೋಣವೆಂದರೆ ಕೇಳರು. "ಹಾಕಿದ ಎಲೆ ಎತ್ತಬಾರ್ದು ಕಣವ್ವ. ಕೂತವರನ್ನ ಎಬ್ಬಿಸಿದ ಪಾಪ ಬರ್ತದೆ."

"ಇದೇನ್ ಸ್ಕ್ರೀನಾ ಅಣ್ಣಾ, ಇಲ್ಲಾ ಶುಕ್ರವಾರದ ಸಂತೇನಾ?" ಎಂದು ಕೆಂಪರಾಜ್ ಛೇಡಿಸುವರು.

"ಸಂತೇಲೇ ಕಣಪ್ಪಾ ಬೆಳೆದಿದ್ದು ನಾನು."

ಕಳೆದ ಮಾಘದಲ್ಲಿ ಅವರ ಹೆಂಡತಿ ಗಂಗಲಕ್ಷ್ಮಮ್ಮನವರ ಮಂಡಿ ಆಪರೇಷನ್ ನಿಶ್ಚಯವಾಯಿತು. ಅದಕ್ಕೆಂದು ಒಂದು ಸಿಮೆಂಟ್ ಕಂಪನಿಯ ಷೇರು ಮಾರಬೇಕಿತ್ತು. ಅದರ ಚಾರ್ಟಿಗೆ ಅಂಟಿಕೊಂಡೇ ಇನ್ನೊಂದಿತ್ತು. ಅಪ್ಪಯ್ಯಣ್ಣ ಆಯುಷ್ಯವೆಲ್ಲ ದುಡಿದ ಕಾರ್ಖಾನೆಯದು. ಪ್ರಾಣ ಹೋದರೂ ಅದನ್ನು ಮಾರೆನೆಂದು ದೇವರ ಮುಂದೆ ಹೇಳಿಕೊಂಡಿದ್ದರು. ಆ ದಿನ ಬೇಗ ಬಂದು, ಮಾರುಕಟ್ಟೆ ತೆರೆಯುವ ಮುಂಚೆಯೇ ಆರ್ಡರ್ ಹಾಕಿ, ಕಾಫಿಗೆ ಇಳಿದು ಹೋದರು.

ಅರ್ಪಿತ ಅವರ ಕಿಟಕಿಗಳನ್ನು ಸರಿಪಡಿಸುತ್ತಿದ್ದವಳು ಆರ್ಡರ್ ಕಿಟಕಿಯ ಸಾಲು ನೋಡಿ ಹಾಗೇ ನಿಂತಳು. ಮಾರಾಟಕ್ಕೆ ಕೂತಿದ್ದದ್ದು ಕಾರ್ಖಾನೆಯ ಷೇರು. ಅಳಿಸಲು ಒಂದು ಒತ್ತು ಸಾಕು. ಆದರೆ ಆರ್ಡರ್ ಮುಟ್ಟುವುದು ಅವಳ ಕೆಲಸವಲ್ಲ. ಮೆಟ್ಟಿಲಿಳಿದು ಓಡಿದಳು. ಹೋಟೆಲಿನ ಮುಂದೆ ಲೋಟ ಹಿಡಿದು ನಿಂತಿದ್ದವರ ತೋಳು ಹಿಡಿದು, "ತಾತ, ಕಾಫಿ ಬಿಡಿ, ಬನ್ನಿ," ಎಂದಳು. ಅಪ್ಪಯ್ಯಣ್ಣ ಕನ್ನಡಕ ಏರಿಸಿ ನೋಡಿದರು. ಅವಳು ಮೌಸಿನ ಬಾಣದ ಗುರುತನ್ನು ಆರ್ಡರಿನ ಮೇಲೆ ತಂದು ನಿಲ್ಲಿಸಿ, "ಈಗ ಒತ್ತಿ," ಎಂದಳು. ಒತ್ತಿದರು. ಸಾಲು ಅಳಿಯಿತು. ಆಮೇಲೆ ಸ್ವಲ್ಪ ಹೊತ್ತಿಗೆ ಮಾರುಕಟ್ಟೆ ತೆರೆಯಿತು.

"ನೀರು ಕೊಡವ್ವ," ಎಂದರಂತೆ. ಕುಡಿದು ಲೋಟ ಇಟ್ಟು, "ನಮ್ಮವ್ಳಿಗೆ ಹೇಳ್ಬೇಡ," ಎಂದರಂತೆ. ಸಿಮೆಂಟ್ ಷೇರು ಅಂದೇ ಮಾರಾಟವಾಯಿತು, ನೆಟ್ಟಗೆ.

ಮರುದಿನ ಅರ್ಪಿತ ಹೊಸ ಮಾತು ತೆಗೆದಳು. "ಎಲೆ ಎತ್ತೋದು ಬ್ಯಾಡ ತಾತ. ಮದ್ವೇಲಿ ಎಲ್ರನ್ನೂ ಒಂದೇ ಸಲ ಕೂರಿಸ್ತಾರಾ? ಇವತ್ತು ಉಣ್ಣೋರು ಮೊದ್ಲನೇ ಪಂಕ್ತಿ. ಕಾಯೋರು ಎರಡನೇದು. ಉಂಡೋರು ಚಪ್ಪರದಲ್ಲಿ ಎಲೆ ಅಡಿಕೆ ಹಾಕ್ಕೊಂಡು ಕೂತಿರ್ಲಿ."

ಅಪ್ಪಯ್ಯಣ್ಣ ತಲೆಯಾಡಿಸಿದರು. "ಚಪ್ಪರ ಅಂದ್ಮೇಲೆ ಮರ್ಯಾದೆ ಉಳೀತು ಬಿಡು," ಎಂದರು.

ಅಂದಿನಿಂದ ಅವರ ಪರದೆಯಲ್ಲಿ ಮೂರು ಪುಟ. ಮೊದಲನೆಯದರಲ್ಲಿ ಅಂಗೈ ಅಗಲದ ನಾಲ್ಕೇ ಚಾರ್ಟು. ಅವಲ್ಲದೆ ಕಾರ್ಖಾನೆಯದಕ್ಕೆ ಬೇರೆಯೇ ಒಂದು ಪುಟ, ಅಲ್ಲಿ ಆರ್ಡರ್ ಕಿಟಕಿಯನ್ನೇ ಇಟ್ಟಿಲ್ಲ. ಅದನ್ನು ನೋಡಿ ಬೈಲಪ್ಪನವರೂ ತಮಗೆ ಬೇಕೆಂದರು, ಮಿಕ್ಕವರೂ ಬೇಕೆಂದರು. ಈಗ ಆ ಕೋಣೆಯ ಪರದೆಗಳಿಗೆಲ್ಲ ಪಂಕ್ತಿ.

ಗುಟ್ಟು ಉಳಿಯಲಿಲ್ಲ. ಅಪ್ಪಯ್ಯಣ್ಣನೇ ಆಸ್ಪತ್ರೆಯಲ್ಲಿ ಹೆಂಡತಿಗೆ ಎಲ್ಲ ಹೇಳಿಬಿಟ್ಟರು. ಯುಗಾದಿ ಕಳೆದ ಮೇಲೆ ಒಂದು ದಿನ ಗಂಗಲಕ್ಷ್ಮಮ್ಮ ಒಬ್ಬಟ್ಟಿನ ಡಬ್ಬಿ ಹಿಡಿದು ಮಹಡಿಗೆ ಬಂದರು. ಗಂಡನ ಪರದೆಯ ಮುಂದೆ ಕೂತು, "ಹೇಳಮ್ಮಾ, ನನ್ನ ಮಂಡಿ ಯಾವ ಎಲೇಲಿತ್ತು?" ಎಂದು ಕೇಳಿದರು. ಕೋಣೆಯೆಲ್ಲ ನಕ್ಕಿತು.

ಅದನ್ನು ಹೇಳುವಾಗ ಅರ್ಪಿತ ಕೈಕೆಲಸ ನಿಲ್ಲಿಸುತ್ತಾಳೆ. "ಅಜ್ಜಿ ಹೊರಟಾಗ ಬಾಗಿಲಲ್ಲಿ ನಿಂತು ನೋಡ್ದೆ. ಮೆಟ್ಟಿಲು ಕಡಿದಾಗವೆ ಇಲ್ಲಿ. ಕಂಬಿ ಹಿಡೀಲಿಲ್ಲ ಅವ್ರು. ಡಬ್ಬಿ ಬೀಸ್ಕೊಂಡು ಇಳಿದು ಹೋದ್ರು."