ಮಗ್ಗದ ಮುಂದೆ ನಿಂತವರು

ಬೆಟಗೇರಿಯ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಸದ್ದು ತಡೆಯಲು ನಮ್ಮ ಮೇಸ್ತ್ರಿ ಎಡಗಿವಿಗಷ್ಟೇ ಹತ್ತಿ ಇಟ್ಟುಕೊಳ್ಳುತ್ತಿದ್ದರು. “ಬಲಗಿವಿ ನಿಮ್ಮ ಸಲುವಾಗಿ ಐತಿ” ಎನ್ನುತ್ತಿದ್ದರು.

ಹಮ್ಮಿಗಿಯಲ್ಲಿದ್ದ ನನ್ನ ತಮ್ಮ ಎದೆನೋವಿನಿಂದ ತೀರಿಕೊಂಡ ದಿನ ನನಗೆ ಫೋನ್ ಮಾಡಿದ್ದ. ನನ್ನನ್ನು ಕೇಳದೆ ಎತ್ತು ಮಾರಿದನೆಂಬ ಸಿಟ್ಟಿಗೆ, ನೋಡಿಯೂ ನಾನು ಫೋನ್ ಎತ್ತಲಿಲ್ಲ.

ಮಣ್ಣು ಮಾಡಿ ಮರಳಿ ಕೆಲಸಕ್ಕೆ ಬಂದರೆ, ಮಗ್ಗದ ಸದ್ದಿನೊಳಗೆ ಫೋನ್ ಬಂದಂತೆ ಕೇಳುತ್ತಿತ್ತು. ಮಗ್ಗ ನಿಲ್ಲಿಸಿ, ಬಾಗಿಲ ಬಳಿ ಇಟ್ಟ ಫೋನ್ ನೋಡಲು ಓಡುತ್ತಿದ್ದೆ. ಮಗ್ಗ ನಿಂತು ಹೊರಟಲ್ಲೆಲ್ಲ ಸೀರೆಗೆ ಅಡ್ಡಗೆರೆ ಬೀಳುತ್ತದೆ. ಮಾಲಕರು ನನ್ನನ್ನು ಕೆಲಸದಿಂದ ಬಿಡಿಸುವ ಮಾತಾಡಿದರು.

ಮೇಸ್ತ್ರಿ ನನ್ನ ಮಗ್ಗದ ಬಳಿ ಬಂದರು. “ನಿಲ್ಲಿಸಬ್ಯಾಡಲೇ. ಹೋಗಿ ನೋಡಿ ಬಾ, ನಾ ನಿಂತಿರ್ತೀನಿ.”

ಅಂದಿನಿಂದ ನಾನು ಕೈ ಎತ್ತಿದರೆ ಸಾಕು, ಬಂದು ನಿಲ್ಲುತ್ತಿದ್ದರು. “ಯಾರ್ದೂ ಇಲ್ರಿ” ಎಂದು ನಾನು ಮರಳಿದರೆ, “ಆತು, ಹಿಡಿ” ಎನ್ನುತ್ತಿದ್ದರು.

ಒಂದು ದಿನ ಫೋನ್ ನಿಜಕ್ಕೂ ರಿಂಗಾಗುತ್ತಿತ್ತು. ತಮ್ಮನ ಹೆಂಡತಿ. ನಾನು ಎತ್ತದೆ ಅದನ್ನೇ ನೋಡುತ್ತ ನಿಂತೆ. ಮೇಸ್ತ್ರಿ ಮಗ್ಗದ ಕಡೆಯಿಂದಲೇ ಕೂಗಿದರು: “ಎತ್ತಲೇ! ನಾ ನಿಂತೀನಲ್ಲ!”

“ಭಾವಾರ, ನಾಳೆ ಕೂಸಿನ್ನ ಸಾಲಿಗೆ ಹಾಕಾಕ ಹೊಂಟೀನ್ರಿ. ದೊಡ್ಡಪ್ಪನ ಬರಬೇಕಂತ ಹಟ ಹಿಡದಾಳ.”

ಬರುತ್ತೇನೆ ಎಂದೆ. ಕೂಸಿನೊಡನೆ ಬಹಳ ಹೊತ್ತು ಮಾತಾಡಿದೆ.

ಅಂದು ನನ್ನ ಮಗ್ಗದಲ್ಲಿದ್ದ ಸೀರೆಗೆ ಒಂದೂ ಅಡ್ಡಗೆರೆ ಬಿದ್ದಿರಲಿಲ್ಲ.