ಮಾವನ ಬೆಳ್ಳಿ ಉಡದಾರ

ನಮ್ಮ ಸೋದರಮಾವನ ಸೊಂಟದಲ್ಲಿ ಬೆಳ್ಳಿ ಉಡದಾರ ಇತ್ತು. ಇತ್ತು ಅಂದ್ರೆ, ಹೊಟ್ಟೆ ಮಡಿಕೆ ಒಳಗೆ ಎಲ್ಲೋ ಇತ್ತು, ಹುಡುಕೋಕೆ ಫಾರೆಸ್ಟ್‌ನೋರ ಪರ್ಮಿಷನ್ ಬೇಕಿತ್ತು. ಮಾವ ಹನೂರಲ್ಲಿ ದನದ ಡಾಕ್ಟ್ರು. ಸೂಜಿ ಚುಚ್ಚೋ ಮುಂಚೆ ಎಮ್ಮೆ ಬೆನ್ನು ಸವರಿ, "ಎದರ್ಕಬ್ಯಾಡ ಕಣವ್ವ, ಚುರ್ ಅಂತದೆ ಅಷ್ಟೆಯಾ" ಅನ್ನೋರು. ಅತ್ತೆ ಜೊತೆ ಯಾವತ್ತೂ ಅಷ್ಟು ಮೆತ್ತಗೆ ಮಾತಾಡಿದ್ದಿಲ್ವಂತೆ.

ಹೋದ ವರ್ಷ ಏನಾಯ್ತೋ, ಗೋಡೆ ಕಡೆ ಮಕ ಮಾಡ್ಕಂಡು ಮಲಗ್ಬುಟ್ರು. ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ. ಡಿಪ್ರೆಶನ್ ಅಂದ್ರು, ಯಾವ ಮಾತ್ರೇನೂ ಹಿಡಿಲಿಲ್ಲ. ಉಡದಾರ ಸಡಿಲಾಗಿ ತೊಡೆಗಿಳೀತು. "ಮಾವ, ಇದ್ನ ಕೊಡಿ, ಸ್ಕಿಪ್ಪಿಂಗ್ ಆಡ್ತೀನಿ" ಅಂದೆ. ಯಾರೂ ನಗಲಿಲ್ಲ. ಅದೂ ನನ್ನ ಜೋಕಿಗೆ!

ಮೈಸೂರಿನ ಒಂದು ಆಸ್ಪತ್ರೇಲಿ ಇಂಥೋರ್ಗೆ ಕೆಟಮಿನ್ ಕೊಟ್ಟು, ಮುಂಚೆ ಒಂದ್ಸಲ, ಆಮೇಲೊಂದ್ಸಲ ಮಿದುಳು ಸ್ಕ್ಯಾನ್ ಮಾಡಿ, ಒಳಗೇನು ಬದಲಾಯ್ತದೆ ಅಂತ ನೋಡ್ತಿದ್ರು. ಮಾವನ್ನೂ ಸೇರಿಸ್ಕೊಂಡ್ರು. ಮಾವ ನಾಯಿಗಳ್ನ ಆಪರೇಷನ್‌ಗೆ ಮಲಗಿಸ್ತಿದ್ದ ಮದ್ದೇ ಅದು. "ಆನೇನೂ ಉರುಳಿಸ್ತದೆ ಕಣಜ್ಜಿ" ಅಂತ ನಾನೊಂದಿಷ್ಟು ಮಸಾಲೆ ಹಾಕಿದೆ.

ಅಜ್ಜಿಗೆ ಮದ್ದಿನ ಚಿಂತೆ ಇರ್ಲಿಲ್ಲ. ಸ್ಕ್ಯಾನ್‌ಗೆ ಮೈಮೇಲೆ ಲೋಹ ಇರಬಾರ್ದು ಅಂದಿದ್ರಲ್ಲ, ಅದು ಅವಳ ಚಿಂತೆ.

"ಉಡದಾರ ಬಿಚ್ಚೋದು ಗುಂಡಿಗಿಳಿಸೋವಾಗ ಕಣಮ್ಮಿ! ಬದುಕಿರೋ ಗಂಡಸಿಗೆ ಬಿಚ್ತಾರಾ?"

ಮಾವ ಗೋಡೆ ನೋಡ್ಕಂಡೇ ಅಂದ್ರು: "ಬಿಚ್ಬುಡವ್ವ. ಇನ್ಯಾಕದು."

ಅಜ್ಜಿ ಎದ್ದೋಗಿ ಕಪ್ಪು ದಾರ ತಂದ್ಲು. ಮೊದ್ಲು ಅದನ್ನ ಮಗನ ಸೊಂಟಕ್ಕೆ ಬಿಗಿದು, ಆಮೇಲೆ ಬೆಳ್ಳಿ ಬಿಚ್ಚಿದ್ಲು, ಒಂದು ಗಳಿಗೇನೂ ಸೊಂಟ ಬರಿದಾಗದಂಗೆ.

"ಕರ್ಕಂಡೋಗಿ" ಅಂದ್ಲು.

ಬಸ್ಸಲ್ಲಿ ಕೊಳ್ಳೇಗಾಲ ದಾಟಿ ಮೈಸೂರ್ಗೆ ಕರ್ಕಂಡೋದ್ವಿ. ಮೊದಲ್ನೇ ಸ್ಕ್ಯಾನ್ ಮುಗೀತು. ಡ್ರಿಪ್ ಸೂಜಿ ಹತ್ರ ಬಂದಾಗ ಮಾವ ಕೈ ಹಿಂದಕ್ಕೆಳ್ಕಂಡ್ರು. ನಾನು ಬೆನ್ನು ಸವರಿ ಅಂದೆ: "ಎದರ್ಕಬ್ಯಾಡ ಕಣವ್ವ, ಚುರ್ ಅಂತದೆ ಅಷ್ಟೆಯಾ."

ನರ್ಸು ಬೆಚ್ಚಿಬಿದ್ರು. ಮಾವ ಮೆಲ್ಲಗೆ ತಿರುಗಿದ್ರು. "ನಾನೇನ್ ಎಮ್ಮೇನಾಮ್ಮಿ?"

ಡ್ರಿಪ್ ಮುಗಿದ್ಮೇಲೆ, "ಮ್ಯಾಲಿಂದ ನನ್ನ ನಾನೇ ನೋಡ್ದಂಗಾಯ್ತು" ಅಂದ್ರು. ಮಾರನೇ ದಿನ ಬಾಯ್ಬುಟ್ಟು ಮುದ್ದೆ ಕೇಳಿದ್ರು. ಅತ್ತೆ ಅಡಿಗೆಮನೇಲಿ ಅತ್ಕಂಡೇ ಮುದ್ದೆ ತೊಳಸಿದ್ರು. ಎಲ್ಲರಿಗೂ ಹಿಂಗಾಗಲ್ಲ, ಗುಣ ಆದ್ರೂ ಅದು ಹಂಗೇ ನಿಲ್ಲುತ್ತೆ ಅನ್ನಂಗಿಲ್ಲ, ಯಾಕೆ ಅಂತ್ಲೇ ಹುಡುಕ್ತಿರೋದು ಅಂತ ಮೈಸೂರಿನ ಡಾಕ್ಟ್ರು ಮುಂಚೇನೇ ಹೇಳಿದ್ರು. ನಿಲ್ಲಲೂ ಇಲ್ಲ. ತಿರ್ಗಾ ಗೋಡೆ, ತಿರ್ಗಾ ಮೈಸೂರು ಬಸ್ಸು.

ಈಗ ಸೊಂಟದಲ್ಲಿ ಬೆಳ್ಳೀನೂ ಐತೆ, ಕಪ್ಪು ದಾರಾನೂ ಐತೆ. ಅಜ್ಜಿ ದಾರ ಬಿಚ್ಚಾಕೆ ಬುಡ್ತಿಲ್ಲ. ನನ್ನ ಜೋಕಿಗೂ ಒಂದು ಕೆಲಸ ಐತೆ ಅಂತ ತೋರಿಸ್ಕೊಟ್ಟ ಮನುಷ್ಯ ಮಾವ. ಹನೂರಿಗೆ ಹೋದಾಗೆಲ್ಲಾ ಬೆಳ್ಳಿ ಒಳಗೆ ಬೆರಳು ತೂರಿಸಿ ನೋಡ್ತೀನಿ, ಎಷ್ಟು ಸಡಿಲ ಅಂತ. ಹೋದ ವಾರ ಬೆರಳು ಸಿಕ್ಕಾಕಂತು.

"ಬುಡಮ್ಮಿ, ಕಚಗುಳಿ ಆಯ್ತದೆ" ಅಂದ್ರು ಮಾವ.

ನಾನು ಬುಡ್ಲಿಲ್ಲ.